ಇಲ್ಲದ ಎರಡನೇ ಪೈಪು

ನನ್ನ ಮೊಮ್ಮಗಳು ಮೂರು ದಿನ ಒಂದು ಪೈಪನ್ನು ಹುಡುಕಿದಳು. ನಾನು ಅದನ್ನು ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಾ ಹುಡುಕಿಕೊಟ್ಟೆ. ಅಂದರೆ, ಅದು ಇಲ್ಲವೇ ಇಲ್ಲ, ಯಾವತ್ತೂ ಇರಲಿಲ್ಲ ಅಂತ ಹುಡುಕಿಕೊಟ್ಟೆ. ಇದನ್ನು ಬರೆಯಲು ಕೂತರೆ ಈಗಲೂ ನಗು ತಡೆಯಲಾಗುವುದಿಲ್ಲ. ಮಗಳು ಒಳಗಿನಿಂದ, "ಒಬ್ಬಳೇ ಏನಮ್ಮ ನಗ್ತಿದ್ದೀಯ?" ಅಂತ ಕೇಳಿದಳು. ಬರೆದು ಮುಗಿಸಿ ಹೇಳ್ತೀನಿ ಅಂದೆ.

ನಾನು ಕಾಶಿಗೆ ಬಂದದ್ದು ಮಗಳ ಬಾಣಂತನಕ್ಕೆ, ಮೂರೇ ತಿಂಗಳಿಗೆ ಅಂತ. ಮಗಳು ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ, ಹಗಲು ಪಾಳಿ ಅಂತ ಅವಳು ಓಡಾಡುತ್ತಿದ್ದಳು, ಕೂಸು ನನ್ನ ತೊಡೆಯ ಮೇಲೇ ಬೆಳೆಯಿತು, ನಾನು ವಾಪಸ್ ಹೋಗುವ ಮಾತೇ ಮರೆತುಹೋಯಿತು. ಆ ಕೂಸಿಗೆ ಈಗ ಇಪ್ಪತ್ಮೂರು. ಹಳೇ ಕಟ್ಟಡಗಳನ್ನು ಕೆಡಿಸದೆ ರಿಪೇರಿ ಮಾಡುವ ವಿದ್ಯೆ ಓದಿದ್ದಾಳೆ. ಗಂಗೆಯ ಘಾಟಿನ ಹತ್ತಿರದ ಶಿವಾಲ ಬಡಾವಣೆಯ ನಮ್ಮ ಮನೆಯಲ್ಲಿ ಅವಳ ಕನ್ನಡ ನನ್ನ ಜೊತೆಗೆ ಮಾತ್ರ. ಅದರಲ್ಲೂ ಅರ್ಧಕ್ಕರ್ಧ ಹಿಂದಿ ಬಂದು ಕೂತಿರುತ್ತದೆ.

ಓದು ಮುಗಿದ ಮೇಲೆ ಅವಳಿಗೆ ಸಿಕ್ಕ ಮೊದಲನೇ ಕೆಲಸ ಕಂಟೋನ್ಮೆಂಟಿನ ಒಂದು ಹಳೇ ಬಂಗಲೆಯದು. ಅದನ್ನು ಲೈಬ್ರರಿ ಮಾಡುತ್ತಾರಂತೆ. ಒಳಗೆ ಕೋಣೆ ಕೋಣೆಯಲ್ಲಿ ಕಿಟಕಿಯ ಕೆಳಗೆ ಸೊಂಟದೆತ್ತರದ ಕಬ್ಬಿಣದ ವಸ್ತುಗಳಿದ್ದವು, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ. ಒಟ್ಟು ಹನ್ನೆರಡು. ಯಾವ ಕಾಲದ ಯಾವ ದೊರೆಗೆ ಇಲ್ಲಿನ ಚಳಿ ತಡೆಯಲಾಗಲಿಲ್ಲವೋ, ಮನೆ ಬೆಚ್ಚಗಿಡಲು ಹಾಕಿಸಿದ್ದು. ಅವೇನು, ಹೇಗೆ ಕೆಲಸ ಮಾಡುತ್ತಿದ್ದವು, ಯಾವ ಭಾಗ ಇದೆ, ಯಾವುದು ಹೋಗಿದೆ ಅಂತ ಗುರುತು ಹಿಡಿದು ಪಟ್ಟಿ ಬರೆಯುವುದು ಇವಳ ಕೆಲಸ.

ಉಸ್ತುವಾರಿ ಸಾಹೇಬರು ಒಂದೇ ಮಾತು ಹೇಳಿದ್ದರು. ಪೂರ್ತಿ ಇರುವ ವಸ್ತುವಾದರೆ ಉಳಿಸೋಣ, ಅರ್ಧಂಬರ್ಧ ಉಳಿದಿರುವುದಾದರೆ ಕಬಾಡಿಯವನಿಗೆ, ಅಂದರೆ ಗುಜರಿಯವನಿಗೆ, ಕೊಟ್ಟು ಜಾಗ ಮಾಡೋಣ, ಪುಸ್ತಕದ ಕಪಾಟಿಗೆ ಗೋಡೆ ಬೇಕು. ಸೋಮವಾರ ಬಂದು ನೋಡ್ತೀನಿ.

ಇವಳು ಆಗಲೇ ಬಿಸಿನೀರಿನ ವ್ಯವಸ್ಥೆ ಅಂತ ಬರೆದು ಕೊಟ್ಟುಬಿಟ್ಟಿದ್ದಳು. ಬಿಸಿನೀರು ಅಂದಮೇಲೆ ಒಂದು ಪೈಪಿನಲ್ಲಿ ಬರಬೇಕು, ಇನ್ನೊಂದರಲ್ಲಿ ಹೋಗಬೇಕು. ಬರುವ ಪೈಪು ಪ್ರತಿಯೊಂದಕ್ಕೂ ಇತ್ತು. ಹೋಗುವ ಪೈಪು ಒಂದಕ್ಕೂ ಇರಲಿಲ್ಲ.

ಶುಕ್ರವಾರ ಸಂಜೆ ಬಂದವಳು ಚಪ್ಪಲಿ ಬಿಡುವಾಗಲೇ ಅಳುವ ಹಾಗಿದ್ದಳು.

"ಅಜ್ಜಿ, ದೂಸ್ರಾ ಪೈಪ್ ಗಾಯಬ್. ನೆಲದ ಕಲ್ಲು ಎತ್ತಿಸಿ ನೋಡಿದೆ. ಯಾರೋ ಕದ್ದು ಮಾರಿದ್ದಾರೆ. ಅಧೂರಾ, ಅರ್ಧಂಬರ್ಧ ಅಂತ ಬರೆದುಕೊಡ್ಬೇಕು ಅಷ್ಟೇ. ಎಲ್ಲಾ ಕಬಾಡಿಗೆ ಹೋಗತ್ತೆ."

"ಫೋಟೋ ತೋರ್ಸು."

"ನಿಂಗೇನು ಗೊತ್ತಾಗತ್ತೆ ಇದ್ರಲ್ಲಿ. ನೀನು ಮಟರ್ ಬಿಡ್ಸು."

"ಮಟರ್ ಎಲ್ಲೂ ಓಡ್ಹೋಗಲ್ಲ. ತೋರ್ಸೇ."

ಮೊಬೈಲು ಕೈಗೆ ಕೊಟ್ಟಳು. ಒಂದೊಂದೇ ಫೋಟೋ ಸರಿಸಿದೆ. ಐದನೆಯದೋ ಆರನೆಯದೋ ಬಂದಾಗ ಕೈ ನಿಂತಿತು. ಆ ಕಬ್ಬಿಣದ ಒಂದು ತುದಿಯ ಕಾಲಿನ ಕೆಳಗೆ ಮರದ ಚಕ್ಕೆ ಇಟ್ಟಿದ್ದರು. ಪೈಪು ಸೇರುವ ತುದಿ ತಗ್ಗು, ಆಚೆ ತುದಿ ಬೆರಳಿನಷ್ಟು ಎತ್ತರ.

"ಇದ್ಯಾಕೆ ಇಲ್ಲಿ ಚಕ್ಕೆ ಇದೆ, ಉಳಿದವಕ್ಕಿಲ್ಲ?"

"ಎಲ್ಲದಕ್ಕೂ ಇತ್ತು. ಫೋಟೋದಲ್ಲಿ ಟೇಢಾ, ಓರೆಯಾಗಿ ಕಾಣತ್ತೆ ಅಂತ ನಾನೇ ತೆಗೆಸ್ದೆ. ಇದೊಂದು ಉಳ್ದಿದೆ."

"ತೆಗೆಸ್ದೆಯಾ? ಪುಣ್ಯಾತ್ಗಿತ್ತಿ. ಇದು ನೀರಿಂದಲ್ಲ ಕಣೆ, ಆವೀದು. ಆವಿ ಬರೋದೂ ಇದೇ ಪೈಪಲ್ಲಿ. ತಣ್ಣಗಾಗಿ ನೀರಾಗಿ ಇಳ್ಕೊಂಡು ಹೋಗೋದೂ ಇದೇ ಪೈಪಲ್ಲಿ. ಇಳೀಲಿ ಅಂತ್ಲೇ ಓರೆ ಇಟ್ಟಿರೋದು. ನಿನ್ನ ಎರಡನೇ ಪೈಪು ಯಾರೂ ಕದ್ದಿಲ್ಲ. ಅದು ಹುಟ್ಟೇ ಇಲ್ಲ."

ಅವಳು ನನ್ನ ಮುಖ ನೋಡಿದಳು. ಇಪ್ಪತ್ಮೂರು ವರ್ಷ ನೋಡಿದ ಮುಖವೇ, ಆದರೂ ಹೊಸದಾಗಿ ನೋಡಿದಳು.

"ನಿಂಗೆ ಹೇಗೆ ಗೊತ್ತು?"

ಹೇಗೆ ಗೊತ್ತು ಅಂದರೆ, ಕೊಳ್ಳೇಗಾಲದ ಕಡೆ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗೂಡು ಬೇಯಿಸಿದವಳು ನಾನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಹದಿನಾರಕ್ಕೆ ಕಾರ್ಖಾನೆ ಸೇರಿದೆ. ಮೊಮ್ಮಗಳಿಗೆ ಇದು ಗೊತ್ತಿತ್ತು. ಆದರೆ ರೇಷ್ಮೆ ಕಾರ್ಖಾನೆ ಅಂದರೆ ಅವಳ ಕಣ್ಣಿಗೆ ಬರುತ್ತಿದ್ದದ್ದು ಬಣ್ಣಬಣ್ಣದ ಸೀರೆ. ನಮ್ಮ ಕಣ್ಣಿಗೆ ಅಲ್ಲಿ ಬರುತ್ತಿದ್ದದ್ದು ಬರೀ ಆವಿ. ಗೂಡು ಬೇಯುವುದು ಆವಿಯಲ್ಲಿ, ಗೂಡು ಒಣಗುವ ಕೋಣೆ ಕಾಯುವುದು ಆವಿಯ ಕೊಳವೆಗಳಲ್ಲಿ. ಬೆಳಿಗ್ಗೆ ಬಾಯ್ಲರಿನವರು ಆವಿ ಬಿಡುವ ಹೊತ್ತಿಗೆ ನಾನು ಒಣಗಿಸುವ ಕೋಣೆಯ ತುದಿಯಲ್ಲಿ ಒಂದು ಪುಟ್ಟ ನಲ್ಲಿಯ ಮುಂದೆ ನಿಂತಿರಬೇಕಿತ್ತು. ಕೊಳವೆಯೊಳಗೆ ರಾತ್ರಿಯಿಡೀ ತುಂಬಿಕೊಂಡ ಗಾಳಿ ಆಚೆ ಹೋಗುವ ತನಕ ಆವಿ ಮುಂದೆ ಬರುವುದಿಲ್ಲ. ಮೇಸ್ತ್ರಿ ದಿನಾ ಕೂಗುತ್ತಿದ್ದ ಮೊದಲನೇ ಮಾತು, "ಗಾಳಿ ಬಿಡವ್ವೋ." ಗಾಳಿ ಬಿಟ್ಟು, ಆವಿ ಬಂದು ಕೈ ಸುಟ್ಟಿತು ಅನ್ನುವಾಗ ನಲ್ಲಿ ಮುಚ್ಚುವುದು. ಯಾರೂ ಅದನ್ನು ವಿದ್ಯೆ ಅಂತ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

"ನಾಳೆ ನನ್ನ ಜೊತೆ ಬರ್ತೀಯಾ ಅಜ್ಜಿ?" ಅಂದಳು.

ಬಟಾಣಿ ಬಟ್ಟಲನ್ನು ಪಕ್ಕಕ್ಕಿಟ್ಟುಬಿಟ್ಟೆ. ಆ ರಾತ್ರಿ ಅನ್ನಕ್ಕೆ ಬರೀ ಮೊಸರು.

ಶನಿವಾರ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಆಟೋದವನು ಎದುರಿನ ಹಸುವನ್ನೂ ಹಾರ್ನು ಮಾಡಿ ಕೇಳಿಕೊಂಡು ಹೋಗುತ್ತಿದ್ದ. ಎರಡು ಶಾಲು ಹೊದ್ದು, ಮಂಗನ ಟೋಪಿ ಹಾಕಿ, ಬಂಗಲೆಯ ಬಾಗಿಲಲ್ಲಿ ಇಳಿದೆ. ಅಲ್ಲಿ ಪ್ಲಂಬರ್ ಮೇಸ್ತ್ರಿ ಒಬ್ಬರು ಇದ್ದರು, ಐವತ್ತು ದಾಟಿದವರು, ನಮ್ಮ ಶಿವಾಲದ ಹಿಂದಿನ ಗಲ್ಲಿಯವರೇ. ಮೊಮ್ಮಗಳು ಚಾಚಾ ಅನ್ನುತ್ತಾಳೆ. ಅವರು ನನ್ನನ್ನು ನೋಡಿ ಹಿಂದಿಯಲ್ಲಿ, "ಬಿಟಿಯಾ, ಇಂಜಿನಿಯರನ್ನ ಕರ್ಕೊಂಡು ಬರ್ತೀನಿ ಅಂದಿದ್ರಿ," ಅಂದರು.

"ಇವ್ರೇ," ಅಂದಳು.

ಮೇಸ್ತ್ರಿ ನನ್ನ ಮಂಗನ ಟೋಪಿ ನೋಡಿದರು. ಸ್ಟೂಲು ತಂದು ಹಾಕಿದರು. ನಾನು ಕೂರಲಿಲ್ಲ. ಕೂರುವುದಕ್ಕೆ ಬಂದಿರಲಿಲ್ಲ.

ಮೊದಲು ಹಿತ್ತಲ ಕಡೆಯ ಕೋಣೆಗೆ ಹೋದೆವು. ಅಲ್ಲಿ ಬಾಯ್ಲರು, ಪಾಪ, ಬಾಗಿಲು ಉದುರಿ ಬಾಯಿ ತೆರೆದುಕೊಂಡು ಕೂತಿತ್ತು. ಅದಕ್ಕೆ ಇನ್ನು ಬೆಂಕಿ ಹಾಕುವ ಹಾಗಿಲ್ಲ ಅಂತ ಮುಟ್ಟುವ ಮೊದಲೇ ಹೇಳಿದೆ. ಆದರೆ ಗುರುತು ಹಿಡಿಯುವುದಕ್ಕೆ ಬೆಂಕಿ ಯಾಕೆ. ಮೊಮ್ಮಗಳ ಪಟ್ಟಿಯಲ್ಲಿ 'ಗಡಿಯಾರ, ಒಡೆದದ್ದು' ಅಂತ ಇದ್ದದ್ದು ಆವಿಯ ಒತ್ತಡ ತೋರಿಸುವ ಮುಳ್ಳು. 'ತಕ್ಕಡಿಯ ಭಾಗ' ಅಂತ ಬರೆದದ್ದು, ಒತ್ತಡ ಜಾಸ್ತಿಯಾದರೆ ತಾನೇ ಎದ್ದು ಆವಿ ಆಚೆ ಬಿಡುವ ಸೇಫ್ಟಿ ವಾಲ್ವು, ಅದರ ಕೋಲಿಗೆ ತೂಗುಹಾಕಿದ ಗುಂಡು ಇನ್ನೂ ಹಾಗೇ ಇತ್ತು. ನಮ್ಮ ಕಾರ್ಖಾನೆಯ ಗುಂಡಿಗೆ ಆಯುಧಪೂಜೆಯಲ್ಲಿ ಕುಂಕುಮ ಇಡುತ್ತಿದ್ದೆವು. ಇದಕ್ಕೆ ಇಡಲು ಏನೂ ಇರಲಿಲ್ಲ, ಸೆರಗಿನಿಂದ ಒರೆಸಿದೆ. ಅವಳು ಬರೆಯುತ್ತಾ ಹೋದಳು. ನಾನು ಹೇಳುವುದು, ಅವಳು ಬರೆಯುವುದು. ನಾನೇ ಕಾಗುಣಿತ ತಿದ್ದಿಸಿದ ಕೈ ಅದು, ಈಗ ನನ್ನ ಮಾತು ಅದರಲ್ಲಿ ಇಳಿಯುತ್ತಿತ್ತು. ಎದೆ ಉಬ್ಬಿ ಶಾಲಿನ ಪಿನ್ನು ಬಿಚ್ಚಿಕೊಳ್ಳುತ್ತದೇನೋ ಅನ್ನಿಸಿತು.

ಆಮೇಲೆ ಕೋಣೆಗಳು. ಪ್ರತಿ ಕಬ್ಬಿಣದ ತುದಿಯಲ್ಲೂ, ಪೈಪು ಸೇರುವ ಕಡೆಯಲ್ಲ, ಆಚೆ ಕಡೆಯ ಪಕ್ಕೆಯಲ್ಲಿ, ಬೆರಳಿನ ಗಾತ್ರದ ಒಂದು ಹಿತ್ತಾಳೆ ಮೊಳಕೆ ಇತ್ತು. ಎಷ್ಟೋ ಸಲ ಬಣ್ಣ ಬಳಿದು ಮುಚ್ಚಿಹೋಗಿತ್ತು. ಮೊಮ್ಮಗಳು ಅದನ್ನು 'ಅಲಂಕಾರ' ಅಂತ ಬರೆದಿದ್ದಳು. ಉಗುರಿನಿಂದ ಕೆರೆದು ನೋಡಿದೆ. ತುದಿಯಲ್ಲಿ ಸೂಜಿಯ ತೂತು.

"ಇದು ನನ್ನ ನಲ್ಲಿ," ಅಂದೆ.

"ಕ್ಯಾ?"

"ಗಾಳಿ ಬಿಡೋ ನಲ್ಲಿ. ನಮ್ಮಲ್ಲಿ ಕೈಯಲ್ಲಿ ತಿರುಗಿಸ್ಬೇಕಿತ್ತು. ಇದು ತಾನೇ ಗಾಳಿ ಬಿಟ್ಟು, ಆವಿ ಬಂದ್ರೆ ತಾನೇ ಮುಚ್ಕೊಳತ್ತೆ ಅನ್ಸತ್ತೆ. ದೊರೆ ಮನೇದಲ್ವಾ, ಆಳು ಯಾಕೆ."

ಇದು ಪೂರ್ತಿ ಇದೆ ಅನ್ನುವುದು ನಮಗೆ ಮೂವರಿಗೂ ಗೊತ್ತಾಯಿತು. ಆದರೆ ಸಾಹೇಬರಿಗೆ? ಇವಳು ಒಂದು ಸಲ ಬಿಸಿನೀರು ಅಂತ ಬರೆದುಕೊಟ್ಟು, ಈಗ ಅಜ್ಜಿ ಹೇಳಿದರು, ಆವಿಯಂತೆ ಅಂದರೆ ಯಾರು ನಂಬುತ್ತಾರೆ. ಬಿಸಿ ಮಾಡಿ ತೋರಿಸಬೇಕು. ಬಾಯ್ಲರು ನೋಡಿದರೆ ಕೆಲಸಕ್ಕೆ ಬರುವ ಹಾಗಿಲ್ಲ.

ಆಗ ನನಗೆ ನೆನಪಾದದ್ದು ಕಾಫಿ. ಇಲ್ಲಿನ ಮದುವೆಗಳಲ್ಲಿ ಶಾಮಿಯಾನದ ಮೂಲೆಯಲ್ಲಿ ಒಂದು ತಾಮ್ರದ ಯಂತ್ರ ಇಟ್ಟಿರುತ್ತಾರೆ, ಕೆಳಗೆ ಗ್ಯಾಸು, ಮೇಲೆ ಮುಳ್ಳು, ಪಕ್ಕದಲ್ಲೊಂದು ಮೂತಿ. ಆ ಮೂತಿಯನ್ನು ಹಾಲಿಗೆ ಅದ್ದಿ ಭುಸ್ಸೆಂದು ನೊರೆ ಎಬ್ಬಿಸುತ್ತಾರೆ. ಆ ಕಾಫಿ ನನಗೆ ಸೇರುವುದಿಲ್ಲ, ಆದರೆ ಆ ಯಂತ್ರದ ಮುಂದೆ ನಾನು ಪ್ರತಿ ಮದುವೆಯಲ್ಲೂ ನಿಲ್ಲುತ್ತೇನೆ.

"ಅದೂ ಬಾಯ್ಲರೇ," ಅಂದೆ. "ಚಿಕ್ಕದು. ಒಂದು ಕಬ್ಬಿಣಕ್ಕೆ ಸಾಕು."

ಮೇಸ್ತ್ರಿಗೆ ಅರ್ಥವಾದ ಕೂಡಲೇ ಅವರ ಮುಖ ಅರಳಿತು. ಅವರ ಭಾವಮೈದನಿಗೆ ಮದುವೆ ಸಾಮಾನು ಬಾಡಿಗೆಗೆ ಕೊಡುವ ಟೆಂಟ್ ಹೌಸಿದೆ. ನಮ್ಮ ಧನುರ್ಮಾಸವನ್ನೇ ಇಲ್ಲಿ ಖರಮಾಸ ಅನ್ನುತ್ತಾರೆ, ಮದುವೆ ಇಲ್ಲ, ಯಂತ್ರ ಗೋಣಿ ಹೊದ್ದು ಮಲಗಿದೆ. "ನಾಳೆ ತರ್ತೀನಿ, ದಾದಿ. ನನಗೂ ನೋಡ್ಬೇಕು," ಅಂದರು. ದಾದಿ ಅಂದರೆ ಇಲ್ಲಿ ಅಜ್ಜಿ.

ಆ ಸಂಜೆ ಹನ್ನೆರಡು ಹಿತ್ತಾಳೆ ಮೊಳಕೆಗಳಲ್ಲಿ ಒಂದನ್ನು ಬಿಚ್ಚಿಸಿ ಮನೆಗೆ ತಂದು ಹುಣಸೆ ನೀರಿನಲ್ಲಿ ಕುದಿಸಿದೆ. ಮಗಳು ಆಸ್ಪತ್ರೆಯಿಂದ ಬಂದು ಪಾತ್ರೆ ಮುಚ್ಚಳ ತೆಗೆದು, "ಸಾರಾ?" ಅಂದಳು.

"ಉಪ್ಪು ನೋಡು," ಅಂದೆ. ಅವಳು ಸೌಟು ಹಾಕುವಷ್ಟರಲ್ಲಿ ಮೊಮ್ಮಗಳು ಕೈ ಹಿಡಿದಳು.

ಭಾನುವಾರ ಯಂತ್ರ ಬಂತು. ಮೇಸ್ತ್ರಿ ಬಾಗಿಲ ಪಕ್ಕದ ಕೋಣೆಯ ಕಬ್ಬಿಣಕ್ಕೆ ಬುಡದ ಪೈಪು ಬಿಚ್ಚಿ, ಯಂತ್ರದ ಮೂತಿಯಿಂದ ದಪ್ಪ ರಬ್ಬರು ಪೈಪು ಎಳೆದು ಬಿಗಿದರು. ನೀರು ಇಳಿದು ಬೀಳಲು ಪಕ್ಕದಲ್ಲೊಂದು ಕವಲು, ಕೆಳಗೆ ಬಕೆಟ್ಟು. ಕುದಿಸಿದ ಮೊಳಕೆಯನ್ನು ಅದರ ಪಕ್ಕೆಗೆ ಹಾಕಿ, ಚಕ್ಕೆ ಮತ್ತೆ ಆಚೆ ತುದಿಯ ಕಾಲಿನ ಕೆಳಗೆ ಇಟ್ಟರು. ನಾನು ವಾಲ್ವು ಪೂರ್ತಿ ತಿರುಗಿಸಿ ಅಂದೆ. ಪೂರ್ತಿ ಬಿಡಬೇಕು, ಇಲ್ಲ ಪೂರ್ತಿ ಮುಚ್ಚಬೇಕು. ಅರ್ಧ ಬಿಟ್ಟರೆ ಬರುವ ಆವಿಗೂ ಹೋಗುವ ನೀರಿಗೂ ದಾರಿಯಲ್ಲಿ ಜಗಳವಾಗಿ ಪೈಪು ಗುದ್ದುತ್ತದೆ. ಆ ಕಬ್ಬಿಣಕ್ಕೆ ಹತ್ತು ಮಡಿಕೆ. ಮೊದಲನೆಯದು ಬಿಸಿಯಾಯಿತು, ಎರಡನೆಯದು ಆಯಿತು. ಅಲ್ಲಿಗೇ ನಿಂತಿತು. ಹುಣಸೆ ನೀರಲ್ಲಿ ಬೆಂದರೂ ಆ ಹಿತ್ತಾಳೆ ಮೊಳಕೆ ಬಾಯಿ ಬಿಟ್ಟಿರಲಿಲ್ಲ.

ನನಗೆ ಹಿಂದಿಯಲ್ಲಿ ಗಾಳಿಗೆ ಹವಾ ಅನ್ನಬೇಕು ಅಂತ ಚೆನ್ನಾಗಿ ಗೊತ್ತು. ಆದರೆ ಆವಿಯ ಮುಂದೆ ನಿಂತರೆ ನನ್ನ ಬಾಯಿಗೆ ಬರುವುದು ಕಾರ್ಖಾನೆಯ ಮಾತು.

"ಭಯ್ಯಾ, ಪಹಲೇ ಗಾಳಿ ನಿಕಾಲೋ," ಅಂದೆ. "ಗಾಳಿ ನಿಕಾಲೇ ಬಿನಾ ಗರಂ ನಹೀಂ ಹೋತಾ." ಮೊದಲು ಗಾಳಿ ತೆಗೀರಿ, ಅದು ಹೋಗದೆ ಬಿಸಿಯಾಗಲ್ಲ ಅಂತ.

ಮೇಸ್ತ್ರಿ ಪೈಪು ತಿರುಗಿಸುವ ಪಾನಾ ಹಿಡಿದ ಕೈ ಹಾಗೇ ನಿಲ್ಲಿಸಿ, "ಗಾಲಿ, ದಾದಿ?" ಅಂದರು.

"ಹಾಂ. ಪೂರಾ ಗಾಳಿ ನಿಕಾಲೋ."

"ಕಿಸ್ಕೋ?" ಯಾರಿಗೆ ಅಂತ.

"ಇಸ್ಕೋ," ಅಂತ ಕಬ್ಬಿಣ ತೋರಿಸಿದೆ.

ಹಿಂದಿಯಲ್ಲಿ ಗಾಲಿ ಅಂದರೆ ಬೈಗುಳ. ಮೇಸ್ತ್ರಿ ಪಾನಾ ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. ವಯಸ್ಸಾದ ಹೆಂಗಸು ಎದುರಿಗಿದ್ದಾಳೆ ಅಂತ ಸ್ವಲ್ಪ ಆ ಕಡೆ ತಿರುಗಿ, ಅದನ್ನು ಎರಕ ಹೊಯ್ದವನಿಂದ ಶುರುಮಾಡಿ, ಹಡಗಿನಲ್ಲಿ ತಂದವನು, ಇಲ್ಲಿ ತಂದು ನಿಲ್ಲಿಸಿದವನು, ಅವರವರ ಮನೆತನ, ಯಾರನ್ನೂ ಬಿಡದೆ, ಮೆಲ್ಲಗಿನ ದನಿಯಲ್ಲಿ ಬೈದರು. ಕಾಶಿಯ ಬೈಗುಳ. ಅದಕ್ಕೊಂದು ಹದವೇ ಇದೆ. ಬರೆಯುವ ಹಾಗಿಲ್ಲ. ಮೊಮ್ಮಗಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು, ಮಾತು ಹೊರಡದೆ ಕೈಯಲ್ಲೇ ಬೇಡ ಬೇಡ ಅನ್ನುತ್ತಿದ್ದಳು. ಕೊನೆಗೆ, "ಚಾಚಾ, ಹವಾ. ಅಜ್ಜಿ ಭಾಷೇಲಿ ಗಾಳಿ ಅಂದ್ರೆ ಹವಾ," ಅಂದಳು.

ಮೇಸ್ತ್ರಿ ಪಾನಾ ಮತ್ತೆ ಕೈಗೆತ್ತಿಕೊಂಡರು. "ನಾನೂ ಅಂದ್ಕೊಂಡೆ, ಮದ್ರಾಸಿ ಕಡೆ ಇದೇ ರಿವಾಜು ಇರಬಹುದು ಅಂತ," ಅಂದರು. "ಹಾಗಾದ್ರೆ ದಾದಿ, ಶಿವಾಲದಲ್ಲಿ ಒಂದ್ಸಲ ನಮ್ಮ ಮನೆಯವಳ ಹತ್ರ, ಸಂಜೆ ಘಾಟಿನ ಮೇಲೆ ಕೂತ್ರೆ ಒಳ್ಳೇ ಗಾಲಿ ಸಿಗತ್ತೆ ಅಂದಿದ್ದು ನೀವೇನಾ?"

ನಾನೇ ಇರಬೇಕು. ಬಂದ ಹೊಸದರಲ್ಲಿ ಏನೇನು ಹೇಳಿದ್ದೇನೋ. ನಕ್ಕು ನಕ್ಕು ನನ್ನ ಮಂಗನ ಟೋಪಿ ಕಣ್ಣಿನ ಮೇಲೆ ಜಾರಿತು.

ಆಮೇಲೆ ಮೇಸ್ತ್ರಿ ಆ ಮೊಳಕೆಯನ್ನು ಬಿಚ್ಚಿ, ಸಣ್ಣ ತಂತಿ ತೂರಿಸಿ ಕುಟ್ಟಿ, ಮತ್ತೆ ಹಾಕಿದರು. ಸ್ಸ್ ಅಂತ ಸದ್ದು ಬಂತು. ಎಷ್ಟೋ ಕಾಲದ ಗಾಳಿ, ತುಕ್ಕಿನ ವಾಸನೆ. ಮೂರು, ನಾಲ್ಕು, ಐದು ಅಂತ ಮಡಿಕೆಗಳು ಬಿಸಿಯಾಗುತ್ತಾ ಹೋದವು. ಹತ್ತನೆಯದಕ್ಕೆ ಬಂದಾಗ ಸದ್ದು ತಾನಾಗಿಯೇ ನಿಂತಿತು. ನಮ್ಮ ಮೂವರ ಕೈಯೂ ಅದರ ಮೇಲಿತ್ತು.

ಸೋಮವಾರ ಸಾಹೇಬರು ಹನ್ನೊಂದಕ್ಕೆ ಬಂದರು. ಉದ್ದ ಕೋಟು, ಕೈಗೆ ಉಣ್ಣೆಯ ಗ್ಲೌಸು. ಮೊಮ್ಮಗಳು ನೇರವಾಗಿ ಹೇಳಿದಳು. "ಸರ್, ನಾನು ಬರೆದದ್ದು ತಪ್ಪು. ಇದು ಬಿಸಿನೀರಲ್ಲ, ಆವಿ. ಒಂದೇ ಪೈಪು. ಯಾವುದೂ ಕಳೆದಿಲ್ಲ." ಸಾಹೇಬರು ಕಾಫಿ ಯಂತ್ರ ನೋಡಿದರು, ನನ್ನನ್ನು ನೋಡಿದರು, ಕುರ್ಚಿಯ ಮೇಲೆ ಕೂತರು. "ತೋರಿಸಿ," ಅಂದರು.

ಮೇಸ್ತ್ರಿ ಯಂತ್ರ ಹಚ್ಚಿದರು. ಒಂದು, ಎರಡು, ಮೂರು. ನಾಲ್ಕನೇ ಮಡಿಕೆಗೆ ಬಂದು ನಿಂತಿತು. ಮೊಳಕೆ ಸ್ಸ್ ಅನ್ನುವ ಬದಲು ನೀರು ಉಗುಳಿತು. ಸಾಹೇಬರು ಕೈಗಡಿಯಾರ ನೋಡಿದರು. ಮೇಸ್ತ್ರಿಯ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ನನಗೆ, ನಿಜ ಹೇಳುತ್ತೇನೆ, ಏನೂ ಹೊಳೆಯಲಿಲ್ಲ. ಆ ಮಗುವಿನ ಮೊದಲನೇ ಕೆಲಸ, ನಾನು ಅಡುಗೆಮನೆಯಲ್ಲಿ ಕೂತು ಆಡಿದ ಒಂದು ಮಾತು ನಂಬಿಕೊಂಡು ಹೋಯಿತಲ್ಲ ಅಂತ ಅಷ್ಟೇ ಅನ್ನಿಸುತ್ತಿತ್ತು.

ಮೊಮ್ಮಗಳು ಮಂಡಿಯೂರಿ ಕಬ್ಬಿಣದ ಹತ್ತಿರ ಕಿವಿ ತಂದಳು.

"ಅಜ್ಜಿ, ಒಳಗೆ ಗುಳುಗುಳು ಅಂತಿದೆ," ಅಂದಳು ಕನ್ನಡದಲ್ಲಿ. ಸಾಹೇಬರ ಮುಂದೆ, ಒಂದು ಹಿಂದಿ ಮಾತೂ ಬೆರೆಸದೆ. "ನೀರು ನಿಂತಿದೆ. ಇಳೀತಾ ಇಲ್ಲ."

ಹೇಳುತ್ತಲೇ ನೆಲಕ್ಕೆ ಬಾಗಿ ಆಚೆ ತುದಿಯ ಕಾಲು ನೋಡಿದಳು. ಚಕ್ಕೆ ಇರಲಿಲ್ಲ. ಬೆಳಿಗ್ಗೆ ಬಣ್ಣದವರು ಗೋಡೆಗೆ ಸುಣ್ಣ ಎಳೆಯುವಾಗ ತೆಗೆದು ಮೂಲೆಗೆ ಬಿಸಾಡಿದ್ದರು. ಯಾರ ಹತ್ತಿರವೂ ಕೇಳದೆ ಅವಳೇ ಎದ್ದು ವಾಲ್ವು ಮುಚ್ಚಿದಳು, ಪೂರ್ತಿ. "ಚಾಚಾ, ಸಬ್ಬಲ್," ಅಂದಳು. ಮೇಸ್ತ್ರಿ ಹಾರೆಯಲ್ಲಿ ತುದಿ ಎತ್ತಿದರು, ಅವಳು ಚಕ್ಕೆ ತೂರಿಸಿದಳು. ಬಕೆಟ್ಟಿಗೆ ತುಕ್ಕು ನೀರು ದಬದಬ ಬಿತ್ತು. ಅದು ನಿಂತ ಮೇಲೆ ವಾಲ್ವು ತಿರುಗಿಸಿದಳು, ಪೂರ್ತಿ. ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟೆ. ಈಗ ಕೂರಬಹುದು ಅನ್ನಿಸಿತು.

ಐದು, ಆರು, ಏಳು. ಅವಳು ಬೆರಳು ಸರಿಸುತ್ತಾ ಹೋದಳು. ಸಾಹೇಬರು ಎದ್ದು ಬಂದರು. ಗ್ಲೌಸು ತೆಗೆದು ಹತ್ತನೇ ಮಡಿಕೆಯ ಮೇಲೆ ಅಂಗೈ ಇಟ್ಟರು. ಬಿಸಿ ಅಲ್ಲಿಗೆ ಬರುವ ತನಕ ಇಟ್ಟುಕೊಂಡೇ ಇದ್ದರು. ಆಮೇಲೆ ಥಟ್ಟನೆ ತೆಗೆದು ಕಿವಿಗೆ ಒತ್ತಿಕೊಂಡರು, ನಾವೆಲ್ಲ ಬಿಸಿ ಪಾತ್ರೆ ಮುಟ್ಟಿದಾಗ ಮಾಡುವ ಹಾಗೆಯೇ.

"ಹನ್ನೆರಡೂ ಹೀಗೇ ಇವೆಯಾ?" ಅಂತ ಕೇಳಿದರು.

"ಒಂದು ನೋಡಿದ್ದೇವೆ ಸರ್. ಹನ್ನೊಂದು ಬಾಕಿ."

"ಹಾಗಾದ್ರೆ ಅವನ್ನೂ ನೋಡಿ. ಕಪಾಟುಗಳನ್ನ ಆ ಕಡೆ ಗೋಡೆಗೆ ಹಾಕಿಸ್ತೀನಿ. ಕಬಾಡಿಯವನಿಗೆ ಬರಬೇಡ ಅಂತ ಇವತ್ತೇ ಹೇಳ್ಬಿಡ್ತೀನಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮಾತಾಜಿ, ನೀವೆಲ್ಲಿ ಕಲಿತಿರಿ?" ಅಂತ ಕೇಳಿದರು. ನನಗಿಂತ ಮೊದಲು ಮೊಮ್ಮಗಳೇ ಉತ್ತರ ಹೇಳಿದಳು. ಕಾರ್ಖಾನೆ, ಗೂಡು, ಒಣಗಿಸುವ ಕೋಣೆ, ಇಪ್ಪತ್ತೆಂಟು ವರ್ಷ, ಎಲ್ಲವನ್ನೂ ಸರಿಯಾಗಿ, ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ. ಬಾಗಿಲ ಹತ್ತಿರ ನಿಂತಿದ್ದ ಬಣ್ಣದವರೂ ಕೇಳಿದರು.

ವಾಪಸ್ ಬರುವಾಗ ಆಟೋದಲ್ಲಿ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಮಂಜು ಕರಗಿ ಬಿಸಿಲು ಬಂದಿತ್ತು. ನಾನು ಅವಳ ಕೈ ನೋಡುತ್ತಾ ಬಂದೆ, ಬೆರಳ ತುದಿಗಳೆಲ್ಲ ತುಕ್ಕಿನ ಕೆಂಪು.

ಮಂಗಳವಾರ ಬೆಳಿಗ್ಗೆ ಆರಕ್ಕೇ ಎದ್ದು ಸ್ನಾನ ಮಾಡಿ, ಎರಡು ಡಬ್ಬಿ ಅವಲಕ್ಕಿ ಕಟ್ಟಿ, ಒಂದು ಮೇಸ್ತ್ರಿಗೂ ಇರಲಿ ಅಂತ ಇನ್ನೊಂದು ಡಬ್ಬಿ ಸೇರಿಸಿ, ಅವಳ ಮಂಚದ ಹತ್ತಿರ ಹೋಗಿ ನಿಂತೆ.

"ಅಜ್ಜಿ, ಟೈಂ ಎಷ್ಟು?" ಅಂದಳು ರಜಾಯಿಯೊಳಗಿಂದ.

"ಹನ್ನೊಂದು," ಅಂದೆ.

ಗಾಬರಿಯಾಗಿ ಎದ್ದು ಕೂತಳು. "ಬಾಕಿ ಇರೋ ಕಬ್ಬಿಣ ಹನ್ನೊಂದು ಅಂದದ್ದು. ಏಳು," ಅಂದೆ.